ಮೂರನೇ ಪುಟದಲ್ಲಿ ನಿಲ್ಲುವ ಕೈ

ಕಾಮಿಕ್ಸ್ ಓದಿ ಬೆಳೆದವರು ತಾವೂ ಒಂದು ಬರೆಯೋಣವೆಂದು ಕೂತರೆ ಮೊದಲ ಪುಟ ಒಂದೇ ಉಸಿರಿಗೆ ಮುಗಿಯುತ್ತದೆ. ಎರಡನೆಯದು ತಿಣುಕಿ ತಿಣುಕಿ ಮುಗಿಯುತ್ತದೆ. ಮೂರನೆಯದರಲ್ಲಿ ಕೈ ನಿಲ್ಲುತ್ತದೆ. ಅಟ್ಟದ ಮೇಲಿನ ಹಳೇ ನೋಟುಪುಸ್ತಕಗಳ ಹಿಂದಿನ ಹಾಳೆಗಳನ್ನು ತಿರುವಿ ನೋಡಿ. ಮೊದಲ ಹಾಳೆಯಲ್ಲಿ ದಪ್ಪಕ್ಷರದ ಹೆಸರು, ಸೊಂಟಕ್ಕೆ ಕೈಯಿಟ್ಟು ನಿಂತ ನಾಯಕ, ಮೂಲೆಯಲ್ಲಿ 'ಬೆಲೆ 2 ರೂ.' ಕೂಡ ಇರುತ್ತದೆ. ಮೂರನೇ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಖಾಲಿ ಚೌಕಗಳು. ಸೋಮಾರಿತನವೆಂದು ಬೈಯುವ ಅಗತ್ಯವಿಲ್ಲ. ಓದುವಾಗ ಕಣ್ಣಿಗೆ ಹತ್ತುವುದು ನಾಯಕನ ನಿಲುವು. ಕಥೆ ಸಾಗಬೇಕಾದರೆ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವುದು ಗೊತ್ತಿರಬೇಕು. ಒಳ್ಳೆಯ ಕಲಾವಿದರು ಆ ದಾಟನ್ನು ಓದುಗರಿಗೆ ಕಾಣಗೊಡುವುದೇ ಇಲ್ಲ, ಹಾಗಾಗಿ ನೂರು ಪುಸ್ತಕ ಓದಿದರೂ ಅದು ತಾನಾಗಿ ಕೈಗೆ ಬರುವುದಿಲ್ಲ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮುಂಚೆ ಓದಿದ ಪುಸ್ತಕಗಳನ್ನೇ ಮತ್ತೆ ತೆರೆಯಬೇಕು. ಇಲ್ಲಿ ಹೇಳುವ ಕೆಲಸದ ಗುರಿ ಚಿಕ್ಕದು: ಎಂಟು ಪುಟ, ಕಪ್ಪು-ಬಿಳುಪು, ಜೆರಾಕ್ಸ್ ಅಂಗಡಿಯಲ್ಲಿ ಮುದ್ರಣ. ದಿನಕ್ಕೆ ಎರಡು ಗಂಟೆ ಕೂತರೆ ಎರಡು ವಾರ ಹಿಡಿಯುತ್ತದೆ. ಉದಾಹರಣೆಗೆ ಉದ್ದಕ್ಕೂ ಒಂದೇ ಕಥೆ ಇಟ್ಟುಕೊಳ್ಳೋಣ. ಅಜ್ಜಿಮನೆಯಲ್ಲಿ ಹಲಸಿನ ಹಣ್ಣು. ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಅದನ್ನು ಬಿಡಿಸಲು ಹೋದ ಮೊಮ್ಮಗಳು. ಅಷ್ಟೇ.

ಯಾರು ಏನನ್ನು ಓದಿ ಬೆಳೆದರೆಂಬುದು ಅವರ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಚಂದಮಾಮ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಅದು ಕಾಮಿಕ್ಸ್ ಅಲ್ಲ, ಚಿತ್ರವಿದ್ದ ಕಥೆಗಳ ಪತ್ರಿಕೆ. ಮೈಸೂರಿನ ಎಂ.ಟಿ.ವಿ. ಆಚಾರ್ಯರ ಮುಖಪುಟಗಳು, ಶಂಕರ್ ಬರೆದ ಹೆಗಲ ಮೇಲೆ ಹೆಣ ಹೊತ್ತ ವಿಕ್ರಮ: ಒಂದೊಂದೂ ತನ್ನಷ್ಟಕ್ಕೆ ಪೂರ್ತಿಯಾದ ಚಿತ್ರ. ಕಂಬದ ಕೆತ್ತನೆ, ಸೆರಗಿನ ನೆರಿಗೆ, ಕತ್ತಿಯ ಹಿಡಿ ಎಲ್ಲವೂ ಇರುತ್ತದೆ. ಚಂದಮಾಮವನ್ನೇ ಅರೆದು ಕುಡಿದವರು ಕಾಮಿಕ್ಸಿನ ಪ್ರತಿ ಚೌಕವನ್ನೂ ಹೀಗೇ ತುಂಬುತ್ತಾರೆ. ಪುಟಕ್ಕೆ ಆರು ಪೂರ್ಣ ಚಿತ್ರಗಳು ಬಿದ್ದರೆ ಅದು ಗೋಡೆಗೆ ಸಾಲಾಗಿ ಹಾಕಿದ ಕ್ಯಾಲೆಂಡರಿನ ಹಾಗೆ ಕಾಣುತ್ತದೆ. ಕಾಲ ಮುಂದೆ ಹೋಗುವುದಿಲ್ಲ.

ಅಮರ ಚಿತ್ರ ಕಥೆಯ ಓದುಗರ ತೊಂದರೆ ಬೇರೆ. 32 ಪುಟದೊಳಗೆ ಒಂದು ಪುರಾಣವನ್ನೋ ಒಬ್ಬ ರಾಜನ ಇಡೀ ಬದುಕನ್ನೋ ಮುಗಿಸಬೇಕಾದ್ದರಿಂದ ಅಲ್ಲಿ ಚೌಕದ ಮೇಲಿನ ಪಟ್ಟಿಯಲ್ಲಿ ನಿರೂಪಣೆ ಬರುತ್ತದೆ. ಅದು ಆ ಉದ್ದಕ್ಕೆ ಬೇಕಾದ ಉಪಾಯ. ಎಂಟು ಪುಟದ ಚಿಕ್ಕ ಕಥೆಗೆ ಅದನ್ನೇ ತಂದರೆ ಪಟ್ಟಿಯಲ್ಲಿ 'ಆಗ ಅಜ್ಜಿಗೆ ಸಿಟ್ಟು ಬಂತು' ಎಂದಿರುತ್ತದೆ, ಕೆಳಗೆ ಅಜ್ಜಿ ಸಿಟ್ಟಾಗಿರುತ್ತಾಳೆ. ಒಂದೇ ಸಂಗತಿ ಎರಡು ಸಲ. ಇನ್ನೊಂದು ಆಸ್ತಿಯೂ ಅಲ್ಲಿಂದಲೇ ಬರುತ್ತದೆ: ರವಿವರ್ಮನ ಪಟಗಳ ಮನೆತನದ ಮುಖಗಳು. ದೇವರಿಗೆ ಅವು ಸರಿ. ಹಲಸಿನ ಹಣ್ಣಿಗೆ ಕೈ ಹಾಕುವ ಹತ್ತು ವರ್ಷದ ಹುಡುಗಿಗೂ ರುಕ್ಮಿಣಿಯ ಕಣ್ಣು ಬಂದರೆ ನಗು ಹುಟ್ಟುವುದಿಲ್ಲ. ಇದಕ್ಕೆ ಮದ್ದು ಅದೇ ಮನೆಯಲ್ಲಿದೆ. ಅಮರ ಚಿತ್ರ ಕಥೆಯ 'ಕೃಷ್ಣ'ಕ್ಕೆ ಚಿತ್ರ ಬರೆದ ರಾಮ್ ವಾಯೀರ್ಕರ್ ಅವರೇ 1980ರಲ್ಲಿ ಶುರುವಾದ ಮಕ್ಕಳ ಪತ್ರಿಕೆ ಟಿಂಕಲ್‌ನ ಪೆದ್ದ ಸುಪ್ಪಾಂಡಿಯನ್ನೂ ಬರೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಕೈ ಎಷ್ಟು ಗೆರೆಗಳನ್ನು ಬಿಟ್ಟುಕೊಟ್ಟಿದೆ ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಗೆರೆ ಬಿಡುವ ವಿಷಯಕ್ಕೆ ಟಿಂಕಲ್‌ನದೇ ಪುಕ್ಕಲು ಬೇಟೆಗಾರ ಶಿಕಾರಿ ಶಂಭುವಿಗಿಂತ ಒಳ್ಳೆಯ ಗುರು ಇಲ್ಲ. ವಸಂತ ಹಳಬೆ ಅವನ ಟೋಪಿಯನ್ನು ಕಣ್ಣು ಮುಚ್ಚುವಷ್ಟು ಕೆಳಗೆ ಎಳೆದುಬಿಟ್ಟರು. ಹೊಸಬರ ಕೈ ಹೆಚ್ಚು ಸೋಲುವುದು ಕಣ್ಣಿನಲ್ಲಿ. ಪುಟದಿಂದ ಪುಟಕ್ಕೆ ಕಣ್ಣು ಬದಲಾಗಿ, ಅದೇ ವ್ಯಕ್ತಿಯೆಂದು ಗುರುತೇ ಸಿಗುವುದಿಲ್ಲ. ಟೋಪಿ ಆ ಕಷ್ಟವನ್ನೇ ಮುಚ್ಚಿಹಾಕಿತು. ಫ್ಯಾಂಟಮ್‌ನ ಮುಖವಾಡದಲ್ಲೂ ಕಣ್ಣುಗುಡ್ಡೆ ಇರುವುದಿಲ್ಲ, ಬರೀ ಬಿಳಿ.

ಫ್ಯಾಂಟಮ್‌ನನ್ನು ನಮ್ಮಲ್ಲಿ ಮನೆಮನೆಗೆ ತಂದ ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂತು. ಅಲ್ಲಿನ ಫ್ಯಾಂಟಮ್ ಕಥೆಗಳು ಮೂಲದಲ್ಲಿ ದಿನಪತ್ರಿಕೆಯ ಚಿತ್ರಪಟ್ಟಿಗಳು. ದಿನಕ್ಕೆ ಮೂರು ನಾಲ್ಕು ಚೌಕ, ಕೊನೆಯದರಲ್ಲಿ ನಾಳೆಗೆಂದು ಒಂದು ಕೊಕ್ಕೆ. ಅವನ್ನು ಜೋಡಿಸಿ ಪುಸ್ತಕ ಮಾಡಿದಾಗ ಕೊಕ್ಕೆಗಳು ಹಾಗೇ ಉಳಿದವು. ಇಂದ್ರಜಾಲ ಓದಿದವರಿಗೆ ಕುತೂಹಲ ಕಟ್ಟುವುದು ಚೆನ್ನಾಗಿ ಬರುತ್ತದೆ. ಆದರೆ ನಾಲ್ಕು ಚೌಕಕ್ಕೊಮ್ಮೆ ಯಾರೋ ಬೆಚ್ಚಿಬಿದ್ದು 'ಏನದು!' ಎನ್ನುತ್ತಿರುತ್ತಾರೆ. ಇನ್ನು ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ. ಇಲಿಯೊಂದು ಆಕಾಶದಲ್ಲಿ ಹಾರಿ ದುಷ್ಟರನ್ನು ಬಡಿಯುತ್ತದೆ. ಮಕ್ಕಳ ಕೈಗೆ ಅಷ್ಟು ಸಲೀಸಾಗಿ ಒಗ್ಗಿದ ನಾಯಕ ಇನ್ನೊಬ್ಬನಿಲ್ಲವೆನಿಸುತ್ತದೆ. ಎರಡು ಕಿವಿ, ಒಂದು ಬಾಲ, ಒಂದು ಮೇಲಂಗಿ ಬರೆದರೆ ಡಿಂಗ ಬಂದ.

ಈಗ ಕೆಲಸ. ಇಷ್ಟದ ಪುಸ್ತಕದಿಂದ ನಾಲ್ಕು ಪುಟ ಆರಿಸಿ. ಅತಿ ಇಷ್ಟದ ಪುಟ ಬೇಡ, ಅದರ ಹಿಂದಿನದು, ಮುಂದಿನದು ಬೇಕು. ರದ್ದಿ ಕಾಗದದ ತುಂಡುಗಳಿಂದ ಮಾತಿನ ಗುಳ್ಳೆಗಳನ್ನೆಲ್ಲ ಮುಚ್ಚಿ. ಆರ್.ಕೆ. ಲಕ್ಷ್ಮಣ್ ಮೈಸೂರಿನ ಮನೆಯಲ್ಲಿ ಓದಲು ಕಲಿಯುವ ಮುಂಚೆಯೇ ಸ್ಟ್ರಾಂಡ್, ಪಂಚ್, ಬೈಸ್ಟಾಂಡರ್ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತ ಕೂರುತ್ತಿದ್ದರು. ಓದು ಬಂದವರು ಆ ಸ್ಥಿತಿಗೆ ಮರಳಬೇಕಾದರೆ ಹೀಗೆ ಮುಚ್ಚುವುದೊಂದೇ ದಾರಿ. ಮುಚ್ಚಿದ ಮೇಲೆ ಪ್ರತಿ ಚೌಕಕ್ಕೂ ಮೂರು ಸಂಗತಿ ಬರೆದುಕೊಳ್ಳಿ: ಮನುಷ್ಯರು ದೂರವೋ, ಸೊಂಟದವರೆಗೋ, ಮುಖ ಮಾತ್ರವೋ, ಹಿಂದಿನ ಚೌಕದಿಂದ ಇಲ್ಲಿಗೆ ಎಷ್ಟು ಹೊತ್ತು ಕಳೆದಿದೆ, ಕ್ಷಣವೋ ಗಂಟೆಯೋ ದಿನವೋ, ಹಿನ್ನೆಲೆ ಇದೆಯೋ ಇಲ್ಲವೋ. ಆಮೇಲೆ ತುಂಡುಗಳನ್ನು ತೆಗೆದು ಪದಗಳನ್ನು ಎಣಿಸಿ ನಾಲ್ಕನೇ ಸಾಲಿನಲ್ಲಿ ಬರೆಯಿರಿ.

ಒಂದು ಗಂಟೆಯ ಈ ಗುಮಾಸ್ತಗಿರಿ ಬೇಸರದ್ದೇ. ಆದರೆ ಮುಗಿಯುವ ಹೊತ್ತಿಗೆ ಗುಟ್ಟು ಹೊರಬರುತ್ತದೆ. ನೆನಪಿನಲ್ಲಿ ಉಳಿದಿದ್ದ ಆ ಭರ್ಜರಿ ಚೌಕ ಎರಡು ಪುಟಕ್ಕೊಂದು ಬಂದರೆ ಹೆಚ್ಚು. ಉಳಿದವುಗಳಲ್ಲಿ ಜನ ನಿಂತು ಮಾತಾಡುತ್ತಾರೆ, ಬಾಗಿಲು ತೆರೆಯುತ್ತಾರೆ, ತಿರುಗಿ ನೋಡುತ್ತಾರೆ. ಎಷ್ಟೋ ಚೌಕಗಳಲ್ಲಿ ಹಿನ್ನೆಲೆಯೇ ಇಲ್ಲ, ಜಾಗ ಯಾವುದೆಂದು ಪುಟದ ಮೊದಲ ಚೌಕ ಹೇಳಿಬಿಟ್ಟಿರುತ್ತದೆ. ಮೂರನೇ ಪುಟದಲ್ಲಿ ಕೈ ನಿಂತದ್ದು ಈ ಸಪ್ಪೆ ಚೌಕಗಳನ್ನು ಬರೆಯಲು ಬಾರದೆ.

ಮುಂದಿನ ದಿನ ಬಟರ್ ಪೇಪರ್ ಇಟ್ಟು ಅದೇ ಪುಟದ ಎಲುಬುಗೂಡನ್ನು ಎತ್ತಿ. ಚೌಕದ ಅಂಚು, ತಲೆಯಿರುವಲ್ಲಿ ಒಂದು ಸೊನ್ನೆ, ಗುಳ್ಳೆಯಿರುವಲ್ಲಿ ಒಂದು ಮೊಟ್ಟೆ, ಅಷ್ಟೇ. ಮುಖ, ಬಟ್ಟೆ ಬೇಡ. ಆ ಗೂಡಿನೊಳಗೆ ಅಜ್ಜಿ, ಮೊಮ್ಮಗಳನ್ನು ಕೂರಿಸಿ ನೋಡಿ. ರಾಜ-ಮಂತ್ರಿ ಮಾತಾಡುತ್ತಿದ್ದ ಜಾಗದಲ್ಲಿ ಇವರು ಮಾತಾಡುತ್ತಾರೆ, ಗೂಡು ತಡೆಯುತ್ತದೆ. ಅಭ್ಯಾಸಕ್ಕೆ ಹೀಗೆ ಎತ್ತುವುದರಲ್ಲಿ ತಪ್ಪೇನಿಲ್ಲ. ಅಚ್ಚು ಹಾಕಿ ಮಾರುವಾಗ ಮಾತ್ರ ಎಚ್ಚರ. ಪುರಾಣದ ಕಥೆ ಯಾರ ಸೊತ್ತೂ ಅಲ್ಲ. ಆದರೆ ಅದಕ್ಕೆ ಒಬ್ಬರು ಬರೆದ ಚಿತ್ರಕ್ಕೆ ನಮ್ಮ ಕಾಯ್ದೆಯಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕಿರುತ್ತದೆ. ಡಿಂಗನನ್ನು ನಿಮ್ಮ ಮುಖಪುಟಕ್ಕೆ ತರಬೇಡಿ.

ಮೂರನೇ ದಿನ ಕಚ್ಚಾ ಪ್ರತಿ. ಒಂದು ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಎಂಟು ಭಾಗವಾಗಿ ಮಡಚಿ: ಉದ್ದಕ್ಕೆ ನಾಲ್ಕು, ಎತ್ತರಕ್ಕೆ ಎರಡು. ಬಿಚ್ಚಿ, ನಟ್ಟನಡುವಿನ ಅಡ್ಡ ಮಡಿಕೆಯನ್ನು ಮಧ್ಯದ ಎರಡು ಭಾಗಗಳಷ್ಟು ಮಾತ್ರ ಕತ್ತರಿಸಿ. ಅದೇ ಅಡ್ಡ ಮಡಿಕೆಯಲ್ಲಿ ಹಾಳೆಯನ್ನು ಎರಡಾಗಿ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಅಂಟು, ಪಿನ್ನು ಇಲ್ಲದೆ ಎಂಟು ಪುಟದ ಪುಟಾಣಿ ಪುಸ್ತಕ ಆಗುತ್ತದೆ. ಪುಟ ಸುಮಾರು 74 ಮಿ.ಮೀ. ಅಗಲ, 105 ಎತ್ತರ. ಬಿಚ್ಚಿದ ಹಾಳೆಯಲ್ಲಿ ಕೆಳಸಾಲಿನ ಎಡದಿಂದ 8, 1, 2, 3. ಮೇಲಿನ ಸಾಲು ತಲೆಕೆಳಗಾಗಿ ಎಡದಿಂದ 7, 6, 5, 4. ಬಿಚ್ಚಿದಾಗ ಬರೆಯಲು ಹೋದರೆ ಖಂಡಿತ ಗೊಂದಲವಾಗುತ್ತದೆ. ಮಡಚಿದ ಮೇಲೆ ಪುಟಸಂಖ್ಯೆ ಹಾಕಿ, ಆಮೇಲೆ ಬಿಚ್ಚಿ.

ಇಷ್ಟು ಚಿಕ್ಕ ಪುಟದ ಲಾಭ ಏನೆಂದರೆ ಇದರಲ್ಲಿ ಚೆಂದ ಮಾಡಲು ಜಾಗವೇ ಇಲ್ಲ. ಬಾಲ್‌ಪೆನ್ನಿನಲ್ಲಿ ಕಡ್ಡಿಗೊಂಬೆ ಬರೆಯಬೇಕು, ಅಳಿಸಬಾರದು, ಒಂದು ಗಂಟೆಯಲ್ಲಿ ಎಂಟೂ ಪುಟ ಮುಗಿಸಬೇಕು. ಹಲಸಿನ ಕಥೆಯ ಮೊದಲ ಕಚ್ಚಾ ಪ್ರತಿ ಸಾಮಾನ್ಯವಾಗಿ ಹೀಗೆ ಬರುತ್ತದೆ. ಎರಡನೇ ಪುಟದಲ್ಲಿ ಅಜ್ಜಿ ಹೊರಗೆ ಹೊರಡುತ್ತಾಳೆ, 'ನಾ ಬರೋವರ್ಗೂ ಹಣ್ಣಿಗೆ ಕೈ ಹಾಕ್ಬೇಡ್ವೇ.' ಮೂರನೇ ಪುಟದ ಮೊದಲ ಚೌಕದಲ್ಲಿ ಹುಡುಗಿ ಹಣ್ಣು ನೋಡುತ್ತಾಳೆ, ಎರಡನೆಯದರಲ್ಲೇ ಕೈ ಅಂಟಿಕೊಂಡಿರುತ್ತದೆ. ಅಲ್ಲಿಗೆ ಕಥೆ ಮುಗಿಯಿತು, ಇನ್ನೂ ಐದು ಪುಟ ಉಳಿದಿದೆ. ಕೈ ನಿಲ್ಲುವ ಆ ಮೂರನೇ ಪುಟ ಇದೇ.

ಸರಿಪಡಿಸುವುದು ಹೀಗೆ. ಮೂರನೇ ಪುಟದಲ್ಲಿ ನಾಲ್ಕು ಚೌಕ, ಒಂದೂ ಮಾತಿಲ್ಲ. ಒಂದು: ಖಾಲಿ ಹಜಾರ, ಮೂಲೆಯಲ್ಲಿ ಗೋಣಿಚೀಲದ ಮೇಲೆ ಹಣ್ಣು, ದೂರದಲ್ಲಿ ಪುಸ್ತಕ ಹಿಡಿದ ಹುಡುಗಿ. ಎರಡು: ಮುಖ ಮಾತ್ರ, ಕಣ್ಣು ಪುಸ್ತಕದಲ್ಲಿ, ಮೂಗು ಸ್ವಲ್ಪ ಮೇಲಕ್ಕೆ. ಮೂರು: ಮತ್ತೆ ಹಜಾರ, ಅದೇ ಕೋನ, ಆದರೆ ಹುಡುಗಿ ಈಗ ಹಣ್ಣಿನ ಹತ್ತಿರ ಕೂತು ಓದುತ್ತಿದ್ದಾಳೆ. ನಾಲ್ಕು: ಪುಸ್ತಕ ನೆಲದ ಮೇಲೆ ಬೋರಲು ಬಿದ್ದಿದೆ, ಹುಡುಗಿಯ ಕಾಲು ಮಾತ್ರ ಚೌಕದಿಂದ ಹೊರಗೆ ಅಡುಗೆಮನೆಯ ಕಡೆಗೆ. ಕತ್ತಿ ತರಲು ಹೋದಳೆಂದು ಯಾರೂ ಹೇಳಬೇಕಿಲ್ಲ. ಮೊದಲ ಮತ್ತು ಮೂರನೇ ಚೌಕಗಳ ಕೋನ ಒಂದೇ ಇರುವುದರಿಂದ ನಡುವೆ ಹೊತ್ತು ಕಳೆದದ್ದು ತಿಳಿಯುತ್ತದೆ. ಹೊಸಬರು ಪ್ರತಿ ಚೌಕಕ್ಕೂ ಕೋನ ಬದಲಿಸಿ ಈ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಮೂರನೆಯದು ಬಲಗಡೆಯ ಪುಟ. ತಿರುವಿದರೆ ನಾಲ್ಕನೆಯದು. ಹಾಗಾಗಿ ಕೈ ಹಣ್ಣಿನೊಳಗೆ ಹೋಗುವ 'ಪಚಕ್' ನಾಲ್ಕನೇ ಪುಟದ ತಲೆಯಲ್ಲೇ ಬರಬೇಕು, ಮೂರರಲ್ಲಿ ಸುಳಿವೂ ಇರಬಾರದು. ಅಚ್ಚರಿ ಏನಿದ್ದರೂ ಸಮಸಂಖ್ಯೆಯ ಪುಟದಲ್ಲಿ, ಹಾಳೆ ತಿರುವಿದಾಗ ಎದುರಾಗಲಿ. ನಾಲ್ಕು-ಐದು ಎದುರುಬದುರು ತೆರೆಯುವುದರಿಂದ ಅಲ್ಲಿ ಕತ್ತಿ, ಜಡೆ, ಪುಸ್ತಕ ಒಂದೊಂದಾಗಿ ಕೈಗೆ ಅಂಟುವ ರಾದ್ಧಾಂತ. ಆರರಲ್ಲಿ ಬಾಗಿಲಲ್ಲಿ ಅಜ್ಜಿಯ ನೆರಳು. ಏಳರಲ್ಲಿ ಅಜ್ಜಿ ಬೈಯದೆ ಕೊಬ್ಬರಿ ಎಣ್ಣೆಯ ಬಾಟಲಿ ಮುಂದಿಡುತ್ತಾಳೆ. ಎಂಟು ಹಿಂಬದಿಯ ರಕ್ಷಾಪುಟ: ಬಾಗಿಲ ಚಿಲಕದಿಂದ ಇಳಿಬಿದ್ದ ಮೇಣದ ಒಂದೆಳೆ ಸಾಕು.

ಪೆನ್ಸಿಲಿಗೆ ಮುಂಚೆ ಅಕ್ಷರ. ಕನ್ನಡದಲ್ಲಿ ಕಾಮಿಕ್ಸ್ ಬರೆಯುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು, ಯಾಕೆಂದರೆ ನಾವು ಓದಿದ ಪುಸ್ತಕಗಳು ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತವೆ. ಅಮರ ಚಿತ್ರ ಕಥೆಯ ಇಂಗ್ಲಿಷ್ ಎಣಿಕೆ 'ಕೃಷ್ಣ'ದೊಂದಿಗೆ 11ರಿಂದ ಶುರುವಾಗುತ್ತದೆ. ಮೊದಲ ಹತ್ತು ಬಂದದ್ದು ಕನ್ನಡದಲ್ಲಿ. ಹೆಮ್ಮೆಯ ಮಾತೇ, ಆದರೆ ಆ ಹತ್ತೂ ಪಶ್ಚಿಮದ ಮಕ್ಕಳ ಕಥೆಗಳು. ಕನ್ನಡದ ಮಾತು ಇನ್ನೊಂದು ಭಾಷೆಗೆ ಹೊಲಿದ ಅಂಗಿಯಲ್ಲೇ ಕಾಮಿಕ್ಸಿಗೆ ಕಾಲಿಟ್ಟಿತು. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳು ಎಲ್ಲವೂ ಒಂದೇ ಎತ್ತರ, ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು. ಆ ಅಳತೆಯ ಗುಳ್ಳೆಗೆ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸನ್ನು ಗುದ್ದುತ್ತದೆ.

ಲೆಕ್ಕ ಹಾಕೋಣ. ಮೂಲ ಚಿತ್ರವನ್ನು ಎ4ನಲ್ಲಿ ಬರೆದು ಎ5ಗೆ ಇಳಿಸುವುದು, ಅಂದರೆ ಶೇಕಡ 71. ಸುತ್ತ 12 ಮಿ.ಮೀ. ಅಂಚು ಬಿಟ್ಟು, ಚೌಕಗಳ ನಡುವೆ 5 ಮಿ.ಮೀ. ಸಂದು ಬಿಟ್ಟು, ಮೂರು ಸಾಲು ಎರಡು ಕಂಬವಾಗಿ ಹಂಚಿದರೆ ಒಂದು ಚೌಕ ಸುಮಾರು 90 ಮಿ.ಮೀ. ಅಗಲ, 87 ಎತ್ತರ. ಅಕ್ಷರದ ಮೈ 4 ಮಿ.ಮೀ. ಇರಲಿ, ಇಳಿಸಿದ ಮೇಲೆ 2.8 ಆಗುತ್ತದೆ, ಓದಲು ಸಾಕು. ಒತ್ತು-ಗುಡಿಸಿಗೆ ಜಾಗ ಬೇಕಾದ್ದರಿಂದ ಸಾಲಿನಿಂದ ಸಾಲಿಗೆ 10 ಮಿ.ಮೀ. ಹಿಡಿಯಿರಿ. ಮೂರು ಸಾಲು ಬರೆದು ಮೇಲೆ ಕೆಳಗೆ ಉಸಿರಾಡಲು ಐದೈದು ಬಿಟ್ಟರೆ 40 ಮಿ.ಮೀ. ಆಯಿತು, ಹೆಚ್ಚುಕಡಿಮೆ ಅರ್ಧ ಚೌಕ! ಅಜ್ಜಿಯ ತಲೆಗೆ ಜಾಗ ಎಲ್ಲಿ? ಆದ್ದರಿಂದ ಒಂದು ಗುಳ್ಳೆಗೆ ಎರಡು ಸಾಲು, ಸಾಲಿಗೆ ಹತ್ತು ಅಕ್ಷರದೊಳಗೆ. ಮೂರನೇ ಸಾಲು ತೀರಾ ಬೇಕಾದಾಗ ಮಾತ್ರ.

ಇಷ್ಟರಲ್ಲಿ ಮಾತು ಹಿಡಿಸಬೇಕಾದರೆ ಗ್ರಂಥದ ಕನ್ನಡ ಕೈಕೊಡುತ್ತದೆ. 'ಹಚ್ಚಿಕೊಳ್ಳಬೇಕಾಗಿತ್ತು' ಒಂದೇ ಪದ, ಎಂಟು ಅಕ್ಷರ, ಮೂರು ಒತ್ತು. ನಡುವೆ ಮುರಿದು ಮುಂದಿನ ಸಾಲಿಗೆ ಒಯ್ದರೆ ಓದುವವರು ಎಡವುತ್ತಾರೆ. 'ಹಚ್ಕೋಬೇಕಿತ್ತು' ಐದೇ ಅಕ್ಷರ, ಎರಡು ಒತ್ತು. ಆಡುಮಾತು ಇಲ್ಲಿ ಬರೀ ಸೊಗಸಿಗೆ ಬಂದದ್ದಲ್ಲ, ಅದಿಲ್ಲದೆ ಚೌಕದೊಳಗೆ ಮನುಷ್ಯರೇ ಹಿಡಿಸುವುದಿಲ್ಲ. ಯಾವ ಊರಿನ ಆಡುಮಾತು ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಅಜ್ಜಿ ಎರಡನೇ ಪುಟದಲ್ಲಿ ಶಿವಮೊಗ್ಗದವಳಾಗಿ ಏಳನೇ ಪುಟದಲ್ಲಿ ಧಾರವಾಡದವಳಾಗಬಾರದು.

ಬರೆಯುವ ಕ್ರಮ: ಮೊದಲು ಪೆನ್ಸಿಲಿನಲ್ಲಿ ಮಾತು, ಆಮೇಲೆ ಅದರ ಸುತ್ತ ಗುಳ್ಳೆ, ಕೊನೆಗೆ ಗುಳ್ಳೆಯ ಕೆಳಗೆ ತಲೆ. ತಿರುಗುಮುರುಗಾದರೆ ಕೊನೆಯ ಪದ ಅಂಚಿಗೆ ಅಂಟಿಕೊಂಡು ಕುಗ್ಗುತ್ತದೆ, ಎಲ್ಲ ಹೊಸಬರ ಪುಟದಲ್ಲೂ ಇದು ಕಾಣುತ್ತದೆ. ಮೊದಲು ಮಾತಾಡುವವರು ಎಡಗಡೆ ನಿಲ್ಲಬೇಕು. ಹಾಗೆ ನಿಲ್ಲಿಸಲಾಗದಿದ್ದರೆ ಅವರ ಗುಳ್ಳೆಯಾದರೂ ಮೇಲಿರಬೇಕು. ಗುಳ್ಳೆಯ ಬಾಲ ಬಾಯಿಯ ಕಡೆ ತಿರುಗಿ ಅರ್ಧ ದಾರಿಯಲ್ಲಿ ನಿಂತರೆ ಸಾಕು, ತುಟಿಗೆ ತಾಗಿಸಿದರೆ ಸ್ಟ್ರಾ ಇಟ್ಟು ಎಳನೀರು ಹೀರುತ್ತಿರುವಂತೆ ಕಾಣುತ್ತದೆ.

ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವರಿಗೆ ಬೇರೆ ತಲೆನೋವು. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ, ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಅಥವಾ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ, ಫೈಲು ಮುಚ್ಚಿ ಮತ್ತೆ ತೆರೆಯಬೇಕು. ಪುಕ್ಕಟೆ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ರಗಳೆ ಇಲ್ಲ. ಫಾಂಟು ದುಂಡಗೆ, ಒಂದೇ ದಪ್ಪದ ಗೆರೆಯದಾಗಿರಲಿ, 'ಬಾಲೂ ತಮ್ಮ' ಎಂಬ ಫಾಂಟು ಚೆನ್ನಾಗಿ ಒಗ್ಗುತ್ತದೆ. ಪುಸ್ತಕದ ಫಾಂಟು ಹಾಕಿದರೆ ಅಜ್ಜಿ ಪಠ್ಯಪುಸ್ತಕ ಓದಿದಂತಾಗುತ್ತದೆ. ಆದರೂ ಮೊದಲ ಎಂಟು ಪುಟಕ್ಕೆ ಕೈಬರಹವೇ ವಾಸಿ. ಚಿತ್ರದ ಗೆರೆ, ಅಕ್ಷರದ ಗೆರೆ ಎರಡೂ ಒಂದೇ ಪೆನ್ನಿನದಾಗುತ್ತವೆ.

ಸದ್ದಿನ ಪದಗಳಲ್ಲಿ ಮಾತ್ರ ನಮ್ಮಷ್ಟು ಶ್ರೀಮಂತರು ಕಡಿಮೆ. ಹಣ್ಣು ಗೋಣಿಯ ಮೇಲೆ ಬಿದ್ದರೆ ಧೊಪ್, ಸಿಮೆಂಟಿನ ಮೇಲೆ ಬಿದ್ದರೆ ಧಡ್, ನೀರಿಗೆ ಬಿದ್ದರೆ ದುಡುಂ. ಕೈ ಒಳಗೆ ಹೋದಾಗ ಪಚಕ್, ಎಳೆದಾಗ ಪರ್ರ್. ಇಂಗ್ಲಿಷ್ ಕಾಮಿಕ್ಸಿನ 'ಬೂಮ್' 'ಕ್ರ್ಯಾಶ್'ಗಳ ಹಂಗೇ ಬೇಡ. ಅಕ್ಷರವನ್ನು ಚಿತ್ರದ ಹಾಗೆ ಬರೆಯಿರಿ. 'ಪಚಕ್'ನ ತಲೆಕಟ್ಟುಗಳನ್ನು ಮೇಣದ ಎಳೆಯಂತೆ ಕೆಳಕ್ಕೆ ಎಳೆದರೆ ಸದ್ದೇ ಅಂಟಂಟಾಗುತ್ತದೆ. ತಲೆಕಟ್ಟು ಎಷ್ಟು ಎಳೆದರೂ ಓದಲು ತೊಂದರೆಯಿಲ್ಲ. ಒತ್ತಕ್ಷರವನ್ನು ಎಳೆದರೆ ಅಕ್ಷರವೇ ಬೇರೆಯಾಗಿ ಕಾಣುತ್ತದೆ.

ಪೆನ್ಸಿಲು, ಶಾಯಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈ ಕಲಿಯುವುದು ಕೈಯಿಂದಲೇ. ಕಾರ್ಟ್ರಿಜ್ ಕಾಗದ ತನ್ನಿ, 150 ಜಿಎಸ್ಎಂ ಆಸುಪಾಸಿನದು. ಜೆರಾಕ್ಸ್ ಕಾಗದ ಶಾಯಿ ಬಿದ್ದಲ್ಲಿ ಅಲೆಅಲೆಯಾಗಿ ಏಳುತ್ತದೆ. ಎಚ್‌ಬಿ ಪೆನ್ಸಿಲು ಹಗುರಾಗಿ. 2ಎಚ್ ಒತ್ತಿ ಬರೆದರೆ ಕಾಗದದಲ್ಲಿ ಗೀರು ಬಿದ್ದು ಅಳಿಸಿದರೂ ಹೋಗುವುದಿಲ್ಲ. ಹೊರಗೆರೆಗೆ 0.5 ಪಿಗ್ಮೆಂಟ್ ಲೈನರ್, ಒಳಗಿನ ವಿವರಕ್ಕೆ 0.3. 0.1 ಪೆನ್ನು ಬೇಡವೇ ಬೇಡ, ಇಳಿಸಿದಾಗ 0.07 ಆಗಿ ಜೆರಾಕ್ಸಿನಲ್ಲಿ ಮಾಯವಾಗುತ್ತದೆ. ಜೆಲ್ ಪೆನ್ನಿನ ಗೆರೆಯ ಮೇಲೆ ರಬ್ಬರು ಆಡಿಸಿದರೆ ಕಪ್ಪು ಹೋಗಿ ಬೂದಿ ಬಣ್ಣ ಉಳಿಯುತ್ತದೆ. ಬ್ರಷ್ಷು ಬಳಸುವವರು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ತೆಗೆದುಕೊಳ್ಳಿ, ಹತ್ತು ನಿಮಿಷ ಒಣಗಿದ ಮೇಲೆ ರಬ್ಬರು ಮುಟ್ಟಿ.

ಹಲಸಿನ ಸಿಪ್ಪೆಯಲ್ಲಿ ಒಂದು ಬಲೆ ಇದೆ. ಮುಳ್ಳುಗಳನ್ನೆಲ್ಲ ಒಂದೂ ಬಿಡದೆ ಬರೆಯುವ ಆಸೆ ಹುಟ್ಟುತ್ತದೆ. ಚಂದಮಾಮದ ಕಣ್ಣು ಅದು. ಇಪ್ಪತ್ತು ಚೌಕಗಳಲ್ಲಿ ಹಣ್ಣು ಬರಬೇಕು, ಮೂರನೆಯದಕ್ಕೇ ಕೈ ಸೋಲುತ್ತದೆ. ಇಳಿಸಿದಾಗ ಮುಳ್ಳೆಲ್ಲ ಕಲಸಿ ಹಣ್ಣು ಕಪ್ಪು ಕುಂಬಳಕಾಯಿಯಾಗುತ್ತದೆ. ಹೊರ ಅಂಚಿನಲ್ಲಿ ಗರಗಸದಂತೆ ಮುಳ್ಳು ಕೊಡಿ, ನೆರಳಿನ ಕಡೆ ಒಂದಿಷ್ಟು ಸಣ್ಣ ತ್ರಿಕೋನ, ಬೆಳಕಿನ ಕಡೆ ಪೂರಾ ಖಾಲಿ. ಉಳಿದ ಮುಳ್ಳುಗಳನ್ನು ಓದುಗರ ಕಣ್ಣೇ ತುಂಬಿಕೊಳ್ಳುತ್ತದೆ. ಶಂಭುವಿನ ಟೋಪಿ ಮಾಡಿದ್ದೂ ಇದನ್ನೇ. ಪೆನ್ಸಿಲಿನ ನೆರಳು ಹಾಕಬೇಡಿ, ಜೆರಾಕ್ಸಿನಲ್ಲಿ ಕೊಳೆಯಾಗುತ್ತದೆ. ದೊಡ್ಡ ಕಪ್ಪು ಭಾಗ ಟೋನರು ಸಾಲದೆ ಮಚ್ಚೆಮಚ್ಚೆಯಾಗಿ ಬರುವುದರಿಂದ ರಾತ್ರಿಯ ದೃಶ್ಯವನ್ನೂ ಗೆರೆಗಳಿಂದ ಕಟ್ಟುವುದು ಲೇಸು.

ಸ್ಕ್ಯಾನ್ 600 ಡಿಪಿಐ, ಗ್ರೇಸ್ಕೇಲ್. ಆಮೇಲೆ ತ್ರೆಶೋಲ್ಡ್ ಎಳೆದು ಬೂದಿಯನ್ನೆಲ್ಲ ತೆಗೆದರೆ ಶುದ್ಧ ಕಪ್ಪು-ಬಿಳುಪು ಸಿಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆಯುವುದಾದರೆ ಕಿಟಕಿಯ ಹತ್ತಿರ, ಹಗಲಿನಲ್ಲಿ, ಕಾಗದಕ್ಕೆ ನೇರ ಮೇಲಿನಿಂದ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ನಿಮ್ಮ ಕೈಯ ನೆರಳೇ ಕಥೆಯೊಳಗೆ ಬರುತ್ತದೆ.

ಎಂಟು ಎ5 ಪುಟಕ್ಕೆ ಎರಡು ಎ4 ಹಾಳೆ, ಎರಡೂ ಬದಿ ಮುದ್ರಣ. ಮೊದಲ ಹಾಳೆಯ ಒಂದು ಬದಿ ಎಡಕ್ಕೆ 8, ಬಲಕ್ಕೆ 1. ಹಿಂಬದಿ 2 ಮತ್ತು 7. ಎರಡನೇ ಹಾಳೆ 6 ಮತ್ತು 3. ಹಿಂಬದಿ 4 ಮತ್ತು 5. ಯಾವ ಜೋಡಿ ಕೂಡಿಸಿದರೂ 9 ಬರಬೇಕು, ಬರದಿದ್ದರೆ ಜೋಡಣೆ ತಪ್ಪಿದೆ. ಅಂಗಡಿಯವರಿಗೆ 'ಶಾರ್ಟ್ ಎಡ್ಜ್ ಫ್ಲಿಪ್' ಎಂದು ಹೇಳುವುದು ಮರೆತರೆ ಹಿಂಬದಿ ಪೂರಾ ತಲೆಕೆಳಗು. ಐವತ್ತು ಪ್ರತಿ ತೆಗೆಸಿದ ಮೇಲೆ ನೋಡುವುದಕ್ಕಿಂತ ಒಂದು ಪ್ರತಿ ತೆಗೆಸಿ ಅಲ್ಲೇ ಕೌಂಟರಿನ ಮೇಲೆ ಮಡಚಿ ನೋಡಿ. ಮಡಿಕೆಯ ನಡುವಿಗೆ ಮಾಮೂಲಿ ಸ್ಟೇಪ್ಲರಿನ ಬಾಯಿ ಮುಟ್ಟುವುದಿಲ್ಲ. ಕೆಳಗೆ ಥರ್ಮಾಕೋಲ್ ಇಟ್ಟು, ಸ್ಟೇಪ್ಲರನ್ನು ಪೂರ್ತಿ ಬಿಚ್ಚಿ, ಹೊರಗಿನಿಂದ ಎರಡು ಪಿನ್ನು ಚುಚ್ಚಿ, ಹಾಳೆ ಎತ್ತಿ ಒಳಗಡೆ ಚಮಚದ ಹಿಂಬದಿಯಿಂದ ಪಿನ್ನಿನ ಕಾಲು ಮಡಚಿ.

ಮೊದಲ ಪ್ರತಿಯನ್ನು ಚಿತ್ರ ಬರೆಯುವ ಗೆಳೆಯರಿಗೆ ಕೊಡಬೇಡಿ, ಅವರು ಗೆರೆಯನ್ನೇ ಹೊಗಳುತ್ತಾರೆ ಇಲ್ಲವೇ ತೆಗಳುತ್ತಾರೆ. ಕಥೆ ಗೊತ್ತಿಲ್ಲದ ಒಂಬತ್ತು ಹತ್ತು ವರ್ಷದ ಮಗುವಿಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಏನೂ ವಿವರಿಸಬೇಡಿ. ಬೆರಳು ಯಾವ ಚೌಕದಲ್ಲಿ ನಿಂತಿತು, ಯಾವ ಪುಟದಿಂದ ಹಿಂದಕ್ಕೆ ತಿರುವಿ ನೋಡಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಹಿಂದಕ್ಕೆ ತಿರುವಿದ ಕಡೆ ದಾಟು ತಪ್ಪಿದೆ, ನಡುವೆ ಒಂದು ಚೌಕ ಬೇಕು. ಬೆರಳು ಸುಮ್ಮನೆ ಹಾರಿದ ಕಡೆ ಒಂದು ಚೌಕ ಹೆಚ್ಚಾಗಿದೆ. ಇಡೀ ಪುಟ ಮತ್ತೆ ಬರೆಯಬೇಕಾಗಿಲ್ಲ. ಅದೇ ಅಳತೆಯ ತುಂಡಿನ ಮೇಲೆ ಹೊಸ ಚೌಕ ಬರೆದು ಮೂಲದ ಮೇಲೆ ಅಂಟಿಸಿ. ತೇಪೆಯ ಅಂಚು ಜೆರಾಕ್ಸಿನಲ್ಲಿ ಸಣ್ಣ ಕಪ್ಪು ಗೆರೆಯಾಗಿ ಬೀಳುತ್ತದೆ, ಆದ್ದರಿಂದ ಅಂಚಿನ ಸುತ್ತ ವೈಟ್ನರ್ ಎಳೆದು, ಅದು ಒಣಗಿದ ಮೇಲೆ ಎರಡನೇ ಪ್ರತಿ ತೆಗೆಸಿ.